ಬೆಣಚುಕಲ್ಲಿನ ಗೀರು

"ಕೊರೆಯುವ ಕೊಳವೆ ಆಗಲೇ ಸುರಂಗದ ಚಾವಣಿ ದಾಟಿದೆ. ಎಷ್ಟು ಬಡಿದರೂ ಕೆಳಗಿಂದ ಉತ್ತರ ಇಲ್ಲ. ಸಾಕು, ಯಂತ್ರ ಎತ್ತಿ," ಎಂದು ಮ್ಯಾನೇಜರ್ ಹೊರಟೇಬಿಟ್ಟ. ಡ್ರಿಲ್ಲರ್ ಸುತ್ತಿಗೆ ಕೆಳಗಿಟ್ಟು, ಕೊರೆದ ಸುಣ್ಣಕಲ್ಲಿನ ಕೊನೆಯ ತುಂಡನ್ನು ಕೊಳವೆಯೊಳಗಿಂದ ಹೊರಗೆಳೆದ. ಸುರಂಗದಲ್ಲಿ ಸಿಕ್ಕಿಬಿದ್ದವನ ಹೆಂಡತಿ ಅದನ್ನು ಕಸಿದುಕೊಂಡು ಅಂಗೈಯಿಂದ ಕೆಸರು ಒರೆಸಿದಳು. ಸುರಂಗದ ಚಾವಣಿಯಾಗಿದ್ದ ಕೆಳತುದಿಯಲ್ಲಿ ಗೀರುಗಳಿದ್ದವು.

"ಅದು ಕೊರೆಯೋ ಬಿಟ್ಟಿನ ಹಲ್ಲು ಗೀಚಿರೋದು, ಅಕ್ಕಾ," ಎಂದ ಡ್ರಿಲ್ಲರ್.

"ನಿಮ್ಮ ಬಿಟ್ ಅಂಕಿ ಬರೆಯುತ್ತಾ? ಮೆತ್ತನೆ ಕಲ್ಲು ಕಂಡ್ರೆ ಬೆಣಚುಕಲ್ಲಲ್ಲಿ ತಾರೀಖು ಗೀಚೋದು ನಮ್ಮನೆಯವರ ಚಟ. ಅಡುಗೆಮನೆ ಕಟ್ಟೇನೂ ಬಿಟ್ಟಿಲ್ಲ. ತಲೆ ಮೇಲೆ ಸದ್ದು ಕೇಳಿದ ಜಾಗದಲ್ಲೇ ಗೀಚಿದಾರೆ, ನೋಡಿ!"

ಡ್ರಿಲ್ಲರ್ ಬಗ್ಗಿ ನೋಡಿದ. ಒಂದು, ಪಕ್ಕದಲ್ಲಿ ಏಳು. ಸುರಂಗ ಕುಸಿದದ್ದು ಹನ್ನೆರಡನೇ ತಾರೀಖು. ಇವತ್ತು ಹದಿನೆಂಟು.

ಅವನು ಸುತ್ತಿಗೆ ಎತ್ತಿಕೊಂಡು ಮತ್ತೆ ಕೊಳವೆಗೆ ಬಡಿಯತೊಡಗಿದ.