ಪಳಗಿದ ಕಣ್ಣು

ಹತ್ತು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಆಯ್ಕೆ ನಡೆದಿತ್ತು. ಶಾಮಿಯಾನದ ನೆರಳಲ್ಲಿ ಕೂತ ಕೋಚ್ ಸಾಹೇಬರಿಗೆ ಮಕ್ಕಳ ಮುಖ ನೋಡುವ ರೂಢಿಯಿರಲಿಲ್ಲ. ಬಟ್ಟೆ, ಬೂಟು, ಬೆನ್ನ ಮೇಲಿನ ನಂಬರು, ಅಷ್ಟು ಸಾಕಿತ್ತು.

ಬರಿಗಾಲಲ್ಲಿ ಆಡಿದ ಒಂಬತ್ತನೇ ನಂಬರನ್ನು ಮೊದಲ ಸುತ್ತಿನಲ್ಲೇ ಪಟ್ಟಿಯಿಂದ ಹೊಡೆದುಹಾಕಿದರು.

"ಯಾಕ್ರೀ ಸರ? ಎರಡು ಗೋಲ್ ಹೊಡದಾಳಲ್ರೀ," ಎಂದರು ಅವಳನ್ನು ಕರೆತಂದಿದ್ದ ಶಾಲೆಯ ಅಕ್ಕೋರು.

"ಗೋಲು ಯಾರರ ಹೊಡೀತಾರ ಬಿಡ್ರಿ. ನಾ ನೋಡೂದು ಮನಿತನ. ಕೇರಿ ಮಕ್ಕಳ ಓಟದಾಗ ಅದು ಎಲ್ಲಿಂದ ಬರಬೇಕು? ಪಳಗಿದ ಕಣ್ಣು ಇದು!"

ಅಕ್ಕೋರು ಮಕ್ಕಳ ನಡುವೆ ಹೋಗಿ ಏನೋ ಪಿಸುಗುಟ್ಟಿ ಬಂದರು.

ಕೊನೆಯ ಸುತ್ತಿನಲ್ಲಿ ಹೊಸ ಬೂಟು, ಇಸ್ತ್ರಿ ಮಾಡಿದ ಜೆರ್ಸಿಯ ಹದಿನಾಲ್ಕನೇ ನಂಬರು ಚೆಂಡು ಒಯ್ದ ರೀತಿಗೆ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ನೋಡ್ರಿ ಅಕ್ಕೋರ, ಓಟ ಅಂದ್ರ ಇದು! ದೊಡ್ಡ ಮನಿ ಕೂಸು ಅಂತ ಹೆಜ್ಜಿನ ಹೇಳತೈತಿ. ಇಕಿನ ಕ್ಯಾಪ್ಟನ್. ಬಾ ಮಗಳ, ಇಲ್ಲಿ ಸಹಿ ಮಾಡು."

ಹುಡುಗಿ ಬೂಟು ಬಿಚ್ಚಿ ಅಂಚಿನಲ್ಲಿ ನಿಂತಿದ್ದ ಗೆಳತಿಗೆ ಮರಳಿಸಿ, ಬರಿಗಾಲಲ್ಲಿ ಬಂದು ಪೆನ್ನು ಹಿಡಿದಳು.

"ಯಾವ ನಂಬರಿನ ಮುಂದ ಮಾಡ್ಲಿರಿ ಸರ, ಒಂಬತ್ತೋ, ಹದಿನಾಲ್ಕೋ?"