ಶಾಂತವ್ವನ ಓಣಿಯ ಪರದೆ

ಆ ಊರಲ್ಲಿ ನಾಟಕಕ್ಕೆ ಪರದೆ ಬರೆಸುವುದಿಲ್ಲ. ಇಡೀ ಓಣಿಯನ್ನೇ ಜನರ ಸಮೇತ ಸುರುಳಿ ಸುತ್ತಿ ತಂದು ರಂಗದ ಹಿಂದೆ ಇಳಿಬಿಡುತ್ತಾರೆ. ಅಂದು ಶಾಂತವ್ವನ ಓಣಿ ಬಿಚ್ಚಿಕೊಂಡಾಗ ಅವಳು ಒಡೆದ ಗಟಾರದ ಪಕ್ಕ ಪಾತ್ರೆ ತಿಕ್ಕುತ್ತಿದ್ದಳು.

"ನಮ್ಮ ಕೊಳೆಗೇರಿ ಸಂಗೀತ ನಾಟಕಕ್ಕೆ ಈ ಓಣಿ ಹೇಳಿ ಮಾಡಿಸಿದ ಹಾಗಿದೆ!" ಎಂದ ನಿರ್ದೇಶಕ. "ಗಟಾರ ಇನ್ನೊಂಚೂರು ಉಕ್ಕಬೇಕಿತ್ತು."

"ಉಕ್ಕಸೋಣ್ರಿ. ಇದಕ್ಕಂತನ ರಿಪೇರಿ ಮಾಡಿಸದಂಗ ಬಿಟ್ಟೇನಿ," ಎಂದ, ಓಣಿಯ ರಿಪೇರಿ ಕೆಲಸವನ್ನೂ ಹಿಡಿದಿದ್ದ ಪರದೆ ಗುತ್ತಿಗೆದಾರ ಗುರುಪಾದಪ್ಪ.

ಶಾಂತವ್ವ ಬೋಗುಣಿ ಕುಕ್ಕಿ ಎದ್ದಳು. "'ಪೈಪ ಸಿಗವಲ್ತಬೇ, ಪೈಪ ಸಿಗವಲ್ತು!'" ಎಂದು ಅವನದೇ ಮೂಗುದನಿಯಲ್ಲಿ ಅಣಕಿಸಿದಳು. "ಹಿಂಗಂತಿದ್ಯಲ್ಲೋ ಭಾಡ್ಯಾ!"

ಮಗಳ ಮದುವೆಗೆಂದು ತಂದಿಟ್ಟ ಗುಲಾಬಿ ಬಣ್ಣದ ಡಬ್ಬಿ ಒಡೆದು ಗೋಡೆಗೆ ಬಳಿಯತೊಡಗಿದಳು.

"ಅಯ್ಯೋ, ನನ್ನ ಸೀನು ಕೆಡ್ತು!" ನಿರ್ದೇಶಕ ಬಾಯಿ ಬಡಿದುಕೊಂಡ. "ಬೇರೆ ಓಣಿ ತೋರಿಸ್ರೀ!"

ಪಕ್ಕದ ಮನೆಯಾಕೆ ಬಾಗಿಲು ತೆರೆದಳು. "ಯಕ್ಕಾ, ನಮ್ಮ ಗ್ವಾಡಿಗೂ ಒಂದೀಟು ಉಳಸು."