ಲಹರಿಯ ಜಾಗದಲ್ಲಿ

"ಇವತ್ತೊಂದು ದಿನ ನೀ ಲಹರಿ. ಬಿ.ಎಸ್ಸಿ. ಎರಡನೇ ವರ್ಷ. ಬ್ಯಾರೆ ಹೆಸರು ಬಾಯಾಗ ಬಂತಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದು ಕೂಲಿಯವರ ಕಾಂಟ್ರಾಕ್ಟರ್ ಗುರುಬಸವ ವ್ಯಾನಿನಿಂದ ಇಳಿಸುವಾಗಲೇ ಹೇಳಿದ್ದ. ಬಸಲಿಂಗಮ್ಮ ತಲೆಯಾಡಿಸಿ, ಯಾರದೋ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ಮೂರನೆಯ ಬೆಂಚಿನಲ್ಲಿ ಕೂತಳು. ತೆಲುಗು ಸೀಮೆಯ ಜೀಡಿಮೆಟ್ಲಾದ ಮಾತ್ರೆ ಕಾರ್ಖಾನೆಯಲ್ಲಿ ಅವಳ ಜೊತೆ ಪ್ಯಾಕಿಂಗ್ ಮಾಡುವ ಇಪ್ಪತ್ತು ಹುಡುಗಿಯರು ಸುತ್ತ ಕೂತಿದ್ದರು.

ಕಾಲೇಜು ಖಾಸಗಿಯದು. ಪಟ್ಟಿಯಲ್ಲಿದ್ದ ಬಡಮಕ್ಕಳ ಫೀಸನ್ನು ಸರ್ಕಾರ ತುಂಬುತ್ತಿತ್ತು, ಕಾಲೇಜು ಉಸಿರಾಡುತ್ತಿದ್ದುದೇ ಅದರಿಂದ. ಆ ಮಕ್ಕಳು ನಿಜವಾಗಿ ಇದ್ದಾರೆಯೇ ಎಂದು ನೋಡಲು ಅಂದು ದತ್ತಾತ್ರೇಯ ಎಂಬ ಅಧಿಕಾರಿ ಬಂದಿದ್ದರು. ತಲೆ ಎಣಿಸಿ ಹೋಗುತ್ತಾರೆ ಎಂದುಕೊಂಡಿದ್ದರೆ, ಅವರು ಹಿಂದಿನ ಬೆಂಚಿನಲ್ಲಿ ಕೂತು, ಪಾಠ ನಡೆಯಲಿ ಎಂದರು.

ಪಾಠ ಹೇಳುವ ಮಾನ್ಯಾ ಮೇಡಂ ಒಂದು ಕ್ಷಣ ತಡವರಿಸಿದಳು. ಆಮೇಲೆ ಬೋರ್ಡಿನ ಮೇಲೊಂದು ಮಾತ್ರೆಯ ಚಿತ್ರ ಬರೆದಳು, ಅದರ ಸುತ್ತ ತೆಳ್ಳಗೆ ಇನ್ನೊಂದು ಗೆರೆ. ಕೆಲವು ಮಾತ್ರೆಗೆ ಹೀಗೊಂದು ಲೇಪವಿರುತ್ತದೆ, ಹೊಟ್ಟೆಯ ಆಮ್ಲದಲ್ಲಿ ಅದು ಕರಗುವುದಿಲ್ಲ, ಕರುಳು ಮುಟ್ಟಿದ ಮೇಲೇ ಕರಗುತ್ತದೆ ಎಂದು ತೆಲುಗಿನಲ್ಲಿ ಹೇಳತೊಡಗಿದಳು. ಬಸಲಿಂಗಮ್ಮನಿಗೆ ತೆಲುಗು ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತಿತ್ತು.

ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಸೀಮೆಸುಣ್ಣದ ಪುಡಿ ತೇಲುತ್ತಿತ್ತು. ನಾಲ್ಕು ವರ್ಷದಿಂದ ದಿನಕ್ಕೆ ಸಾವಿರಗಟ್ಟಲೆ ಮಾತ್ರೆ ಬಸಲಿಂಗಮ್ಮನ ಬೆರಳ ಕೆಳಗೆ ಹಾದುಹೋಗಿದ್ದವು. ಅವು ಎಲ್ಲಿಗೆ ಹೋಗುತ್ತವೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಅವುಗಳ ಹಿಂದೆಯೇ ಅವಳೂ ಹೊರಟಿದ್ದಳು. ಕತ್ತಲೆಯ, ಬೆಚ್ಚನೆಯ ಹೊಳೆಯೊಂದರಲ್ಲಿ ಬಿಳಿಯ ಪುಟ್ಟ ದೋಣಿಗಳು ಸದ್ದಿಲ್ಲದೆ ಸಾಗುತ್ತಿದ್ದವು. ವ್ಯಾನು, ಗುರುಬಸವ, ಕೊರಳಿನ ಚೀಟಿ ಎಲ್ಲ ದೂರದ ದಂಡೆಯಲ್ಲಿ ಉಳಿದವು. ತಾನು ಯಾವಾಗ ಎದ್ದು ನಿಂತೆ ಎಂಬುದೇ ಅವಳಿಗೆ ತಿಳಿಯಲಿಲ್ಲ.

"ಹೊಟ್ಟಿ ದಾಟೈತಿ ಅಂತ ಆ ಲೇಪಕ್ಕ ಹ್ಯಾಂಗ ಗೊತ್ತಾಗತೈತ್ರಿ?"

ಮಾನ್ಯಾಗೆ ಕನ್ನಡ ಬಾರದು. ದತ್ತಾತ್ರೇಯರೇ ಹಿಂದಿನಿಂದ ಆ ಪ್ರಶ್ನೆಯನ್ನು ತೆಲುಗಿನಲ್ಲಿ ಹೇಳಿದರು. ಮಾನ್ಯಾಳ ಮುಖ ಅರಳಿತು. ಕರುಳಿನಲ್ಲಿ ಆಮ್ಲದ ಕಟುತನ ಕಡಿಮೆ, ಆ ಬದಲಾವಣೆಗೇ ಲೇಪ ಬಿಚ್ಚಿಕೊಳ್ಳುತ್ತದೆ ಎಂದು ಗೆರೆ ಎಳೆದೆಳೆದು ವಿವರಿಸಿದಳು. ತನಿಖೆ ನಡೆದಿದೆ ಎಂಬುದನ್ನು ಅವಳೂ ಮರೆತಂತಿತ್ತು.

"ಚಲೋ ಕೇಳಿದಿ," ಎಂದರು ದತ್ತಾತ್ರೇಯ ಕನ್ನಡದಲ್ಲೇ. "ಹೆಸರೇನವಾ?"

ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು, ಅವರ ಹಿಂದೆ ಗುರುಬಸವ. ಬಸಲಿಂಗಮ್ಮ ಚೀಟಿಯ ಮೇಲಿನ ಅಪರಿಚಿತ ಮುಖ ನೋಡಿದಳು. ಹುಟ್ಟಿದಾಗಿನಿಂದ ಹತ್ತು ಜನರ ನಡುವೆ ಎದ್ದು ಅವಳು ಕೇಳಿದ ಮೊದಲ ಪ್ರಶ್ನೆ ಅದು. ಅದನ್ನು ಲಹರಿಗೆ ಕೊಟ್ಟುಬಿಡಲು ಮನಸ್ಸು ಬರಲಿಲ್ಲ.

"ಬಸಲಿಂಗಮ್ಮ ರೀ," ಎಂದಳು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಹೆಸರು ಕೇಳಿದರು, ಹುಡುಗಿಯರು ಕೊರಳಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಪಟ್ಟಿಯ ಇಪ್ಪತ್ತೊಂದು ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಗುರುಬಸವ ಬಸಲಿಂಗಮ್ಮನ ಫ್ಯಾಕ್ಟರಿ ಪಾಸು ಕಸಿದುಕೊಂಡು, ಉಳಿದವರನ್ನು ವ್ಯಾನಿಗೆ ತುಂಬಿಕೊಂಡು ಹೋಗಿಬಿಟ್ಟ.

ದತ್ತಾತ್ರೇಯ ಹೊರಗೆ ಬಂದಾಗ ಅವಳೊಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದಳು.

"ನಿನ್ನ ಕೆಲಸ ಹೋತಲ್ಲವಾ," ಎಂದರು ಅವರು, ಮೆಲ್ಲಗೆ.

"ಇನ್ನೊಂದು ನೋಡಬೇಕ್ರಿ." ಅವಳ ಕಣ್ಣು ಅವರ ಕಂಕುಳಿನ ಫೈಲಿನ ಮೇಲಿತ್ತು. "ಸರ್, ಆ ಕಾಗದದಾಗ ನನ್ನ ಹೆಸರು ಐತೇನ್ರಿ?"

"ಪಟ್ಟಿಯಾಗ ಇಲ್ಲದವರ ಹೆಸರು ಹ್ಯಾಂಗ ಬರೀಲಿ?"

"ಬರೀರಿ ಸರ್. ಒಂದು ತಾಸು ನಾ ಕಾಲೇಜಿಗೆ ಹೋಗಿದ್ದೆ."

ದತ್ತಾತ್ರೇಯ ಕಾರಿನ ಬಾನೆಟ್ ಮೇಲೆ ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು.

"ಪೂರಾ ಹೆಸರು ಹೇಳು," ಎಂದರು.